ಬೀದಿಯ ಬೆನ್ನಿಗಿರುವ ಬೀದಿ

ಚೈತ್ರಮಾಸವು ಕಾಲಿಟ್ಟಿತೆಂದರೆ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ಚಿಗುರುತ್ತದೆ. ಪರೀಕ್ಷೆ ಮುಗಿಸಿದ ಮಕ್ಕಳು ದೂರದ ಗಿರಿಧಾಮಗಳ ಹೆಸರು ಹೇಳುತ್ತಾರೆ. ಹಿರಿಯರು ಕ್ಷೇತ್ರದರ್ಶನದ ಪಟ್ಟಿ ಹಿಡಿಯುತ್ತಾರೆ. ಇವೆಲ್ಲವೂ ಒಳ್ಳೆಯವೇ. ನಾವು ಬಾಳುವ ಊರಿನದೇ ಒಂದು ಬಡಾವಣೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿ ನೋಡುವುದೂ ಪ್ರವಾಸವೇ ಎಂಬುದು ಮಾತ್ರ ಅನೇಕರಿಗೆ ಹೊಳೆಯುವುದಿಲ್ಲ. ಅದರಲ್ಲಿ ವೆಚ್ಚ ಅಲ್ಪ, ಲಾಭ ಅಧಿಕ. ಯುಗಾದಿ ಕಳೆದ ಮೊದಲ ಭಾನುವಾರ ನಾವು 11 ಮಂದಿ ಬೆಂಗಳೂರಿನ ಮಲ್ಲೇಶ್ವರವನ್ನು ಹೀಗೆ ನೋಡಿಬಂದೆವು. ಮನೆಯವರಲ್ಲದೆ ಇಬ್ಬರು ಹಳೆಯ ಮಿತ್ರರೂ ಅವರ ಮಕ್ಕಳು ಮೊಮ್ಮಕ್ಕಳೂ ಜೊತೆಗಿದ್ದರು.

ಮುಂಜಾನೆ ಮೆಟ್ರೊ ರೈಲಿನಿಂದ ಸಂಪಿಗೆ ರಸ್ತೆಯಲ್ಲಿ ಇಳಿದೆವು. ಈ ಬಡಾವಣೆಯ ಎರಡು ಪ್ರಮುಖ ಬೀದಿಗಳಿಗೆ ಮರಗಳದೇ ಹೆಸರು. ಒಂದು ಸಂಪಿಗೆ ರಸ್ತೆ. ಅದಕ್ಕೆ ಸಮಾನಾಂತರವಾಗಿ ಮಾರ್ಗೋಸಾ ರಸ್ತೆ. ಮಾರ್ಗೋಸಾ ಎಂದರೆ ನಮ್ಮ ಬೇವೇ. ಪೋರ್ಚುಗೀಸರ ನುಡಿಯಲ್ಲಿ 'ಕಹಿ' ಎಂಬರ್ಥದ ಪದದಿಂದ ಆ ಹೆಸರು ಹುಟ್ಟಿತು. ಯುಗಾದಿಯಂದು ಬೆಲ್ಲದೊಡನೆ ಮೆಲ್ಲುವ ಹೂವೇ ಒಂದು ರಸ್ತೆಗೆ ಹೆಸರಾಗಿದೆ ಎಂದು ತಿಳಿದಾಗ ಮಕ್ಕಳು ಮರಗಳತ್ತ ಕತ್ತೆತ್ತಿ ನೋಡತೊಡಗಿದರು. ಹೊಂಗೆಯ ಹೂವು ಕಾಲುದಾರಿಯ ಮೇಲೆ ಉದುರಿ ಹಾಸಿತ್ತು. ಬೆಣ್ಣೆ ಮಸಾಲೆ ದೋಸೆಯ ಪರಿಮಳಕ್ಕೆ ಕಿರಿಯರೂ ಹಿರಿಯರೂ ಒಟ್ಟಿಗೆ ಮನಸೋತುದರಿಂದ ಅರ್ಧಗಂಟೆ ಅಲ್ಲಿಯೇ ಕಳೆಯಿತು.

ಬಡಾವಣೆಗೆ ಹೆಸರು ಕೊಟ್ಟ ಕಾಡುಮಲ್ಲೇಶ್ವರನ ಗುಡಿಯು ಬಡಾವಣೆಗಿಂತ ಬಹು ಪುರಾತನವಾದುದು. ಶಿವಾಜಿಯ ಸಹೋದರ ವೆಂಕೋಜಿಯು ಮಲ್ಲಪುರದ ಮಲ್ಲಿಕಾರ್ಜುನನಿಗೆ ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟನೆಂದು 1669ರ ಶಾಸನವು ಹೇಳುತ್ತದೆ. ಎದುರಿಗಿರುವ ನಂದಿತೀರ್ಥವಂತೂ ಬಹುಕಾಲ ಮಣ್ಣಿನಡಿ ಹುದುಗಿದ್ದು, 1997ರಲ್ಲಿ ಅಗೆದಾಗ ಬೆಳಕು ಕಂಡಿತು. ದಕ್ಷಿಣಕ್ಕೆ ಮುಖಮಾಡಿದ ನಂದಿಯ ಬಾಯಿಂದ ಜಲವು ಕೆಳಗಿನ ಲಿಂಗದ ಮೇಲೆ ಧಾರೆಯಾಗಿ ಬೀಳುತ್ತದೆ. ನಾವು ದಿನವೂ ತುಳಿದಾಡುವ ನೆಲದಡಿಯಲ್ಲಿ ಏನೇನಿದೆಯೋ ಎಂಬ ಬೆರಗು ಮಕ್ಕಳ ಮುಖದಲ್ಲಿ ಮೂಡಿತು.

ಇನ್ನು ಬಡಾವಣೆಯ ಕಥೆ. 1889ರಲ್ಲಿಯೇ ಇದರ ಯೋಜನೆ ಮೊಳೆತಿದ್ದರೂ, ಜನರು ಇತ್ತ ತಂಡತಂಡವಾಗಿ ಬಂದುದು 1898ರ ಪ್ಲೇಗಿನ ನಂತರ. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಮಹಾಮಾರಿಯು ಸಹಸ್ರಾರು ಜನರನ್ನು ಬಲಿ ತೆಗೆದುಕೊಂಡಿತು. ಗಾಳಿ ಬೆಳಕುಗಳಿಗೆ ಎಡೆಯಿದ್ದರೆ ಮಾತ್ರ ಬದುಕು ಎಂಬ ಅರಿವು ಆಗ ಎಲ್ಲರಿಗೂ ಆಯಿತು. ಇತ್ತ ಮಲ್ಲೇಶ್ವರ, ಅತ್ತ ಬಸವನಗುಡಿ, ಎರಡೂ ಕಡೆ ಅಗಲವಾದ ನೇರ ಬೀದಿಗಳು, ಮನೆಯ ಮುಂದೆ ಕೈತೋಟ, ಹಿಂದೆ ಬಯಲು, ಸಾಲುಮರಗಳು ಕ್ರಮವಾಗಿ ರೂಪುಗೊಂಡವು. ನೆರಳು ನೀಡುವ ಈ ಮರಗಳ ಬುಡದಲ್ಲಿ ಅಂದಿನವರ ಭಯವಿದೆ, ವಿವೇಕವೂ ಇದೆ.

ಆ ವಿವೇಕದ ಇನ್ನೊಂದು ಗುರುತು ಮನೆಗಳ ಹಿಂಬದಿಯಲ್ಲಿದೆ. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಹರಿದ ಕಿರಿದಾದ ಓಣಿಯನ್ನು ಕನ್ಸರ್ವೆನ್ಸಿ ಗಲ್ಲಿ ಎನ್ನುತ್ತಾರೆ. ಒಳಚರಂಡಿಯಿಲ್ಲದ ಕಾಲದಲ್ಲಿ ಪಾಯಿಖಾನೆಯ ಮಲವನ್ನು ಹೊರುವವರು ಬಂದುಹೋಗಲು ಮಾಡಿದ ದಾರಿಯಿದು. ಈಚಿನ ವರ್ಷಗಳಲ್ಲಿ ನಿವಾಸಿಗಳೇ ಮುಂದಾಗಿ ಇಂಥ ಕೆಲವು ಗಲ್ಲಿಗಳನ್ನು ಶುಚಿಗೊಳಿಸಿ, ಗೋಡೆಗಳಿಗೆ ಚಿತ್ತಾರ ಬಿಡಿಸಿ, ನಡೆದಾಡುವ ಹಾದಿಗಳನ್ನಾಗಿಸಿದ್ದಾರೆ. ಅಂಥದೊಂದು ಗಲ್ಲಿಯಲ್ಲಿ ನಡೆಯುವಾಗ ಒಂಬತ್ತರ ಹರೆಯದ ಬಾಲಕಿ "ಇಷ್ಟು ಪುಟ್ಟ ಬೀದಿ ಯಾರಿಗಾಗಿ?" ಎಂದು ಕೇಳಿದಳು.

ಉತ್ತರಿಸಿದವರು ಅವಳ ಅಜ್ಜ. ಎಪ್ಪತ್ತೈದು ದಾಟಿದ ಅವರು ಇದೇ ಬಡಾವಣೆಯಲ್ಲಿ ಬೆಳೆದವರು. ತಮ್ಮ ಬಾಲ್ಯದಲ್ಲಿ ನಸುಕಿಗೇ ಒಬ್ಬ ಹೆಂಗಸು ಹಿಂದಿನ ಗಲ್ಲಿಯಿಂದ ಬಂದು, ಗೋಡೆಯ ಚಿಕ್ಕ ಬಾಗಿಲು ತೆರೆದು, ಮಲವನ್ನು ತಲೆಯ ಮೇಲೆ ಹೊತ್ತೊಯ್ಯುತ್ತಿದ್ದಳೆಂದು ತಗ್ಗಿದ ದನಿಯಲ್ಲಿ ಹೇಳಿದರು. "ಅವಳ ಹೆಸರೇನು ತಾತ?" ಎಂದಳು ಬಾಲೆ. ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಎಷ್ಟೋ ವರ್ಷ ದಿನವೂ ಬಂದವಳ ಹೆಸರು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಪ್ಲೇಗಿನಿಂದ ಬೆಂಗಳೂರನ್ನು ಕಾಪಾಡಿದವರ ಸಾಲಿನಲ್ಲಿ ಅಭಿಯಂತರರೂ ವೈದ್ಯರೂ ಇದ್ದಾರೆ. ಬೀದಿಗಳನ್ನು ದಿನವೂ ಶುದ್ಧವಾಗಿಟ್ಟ ಈ ಹೆಸರಿಲ್ಲದವರೂ ಅದೇ ಸಾಲಿಗೆ ಸೇರಿದವರು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಬಳಿಕ 1993ರಲ್ಲಿಯೂ 2013ರಲ್ಲಿಯೂ ಕೇಂದ್ರದ ಕಾಯ್ದೆಗಳು ಬಂದವು. ಆದಾಗ್ಯೂ ಚರಂಡಿಗಿಳಿದು ಪ್ರಾಣ ತೆತ್ತವರ ವಾರ್ತೆ ಇಂದಿಗೂ ನಿಂತಿಲ್ಲ. ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನ ಕಾಯಕ ಅಂಗಳ ಗುಡಿಸುವುದಾಗಿತ್ತು. ಅವಳು ವಚನಕಾರ್ತಿಯೂ ಹೌದು. ಪೊರಕೆ ಹಿಡಿದ ಕೈಯ ಹೆಸರನ್ನು ಎಂಟು ಶತಮಾನ ನೆನಪಿಟ್ಟ ನಾಡಿನಲ್ಲಿ, ನಮ್ಮದೇ ಹಿತ್ತಿಲ ಬಾಗಿಲಿಗೆ ಬಂದವಳ ಹೆಸರು ಉಳಿಯದೆಹೋಯಿತೆಂಬುದು ವಿಚಾರ ಮಾಡತಕ್ಕ ಸಂಗತಿ.

ಸಂಜೆ ಸ್ಯಾಂಕಿ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. 1882ರಲ್ಲಿ ಕರ್ನಲ್ ಸ್ಯಾಂಕಿಯು ಊರಿನ ನೀರಿಗಾಗಿ ಕಟ್ಟಿಸಿದ ಕೆರೆಯಿದು. ತಿಂದ ಮೇಲೆ ಎಲೆ, ಕಾಗದಗಳನ್ನು ಯಾರೂ ಹೇಳದೆಯೇ ಆ ಬಾಲಕಿ ಒಂದು ಚೀಲದಲ್ಲಿ ಕೂಡಿಸಿಟ್ಟಳು.

ಬಂಧುಗಳೇ, ಈ ವಸಂತದಲ್ಲಿ ಒಂದು ದಿನವನ್ನು ನಿಮ್ಮ ಊರಿನ ಒಂದು ಬಡಾವಣೆಗೆ ಮೀಸಲಿಡಿರಿ. ಮಕ್ಕಳನ್ನೂ ನೆರೆಯವರನ್ನೂ ಕರೆದುಕೊಂಡು ನಡೆಯಿರಿ. ಗುಡಿಯ ಶಾಸನ ಓದಿರಿ, ಮರದ ಹೆಸರು ಕೇಳಿರಿ, ಮುಂಬಾಗಿಲಿನಷ್ಟೇ ಆಸ್ಥೆಯಿಂದ ಹಿತ್ತಿಲ ದಾರಿಯನ್ನೂ ನೋಡಿರಿ. ಮರುದಿನ ಬೆಳಗ್ಗೆ ನಿಮ್ಮ ಬೀದಿ ಗುಡಿಸಲು ಬರುವ ಪೌರಕಾರ್ಮಿಕರನ್ನು ಮಕ್ಕಳ ಎದುರಿನಲ್ಲಿಯೇ ಮಾತನಾಡಿಸಿ, ಅವರ ಹೆಸರು ಕೇಳಿ ತಿಳಿದುಕೊಳ್ಳಿರಿ.