ಊದಿದ ಮೇಲೂ ಉಳಿಯುವ ಪ್ರಶ್ನೆಗಳು

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವನ ಪರವಾಗಿ ವಾದಿಸುವುದೇ ತಪ್ಪು ಎನ್ನುವವರ ಸಿಟ್ಟಿಗೆ ಕಾರಣವಿದೆ. ಅಂಥವನ ಚಕ್ರಕ್ಕೆ ಮಗನನ್ನೋ ಮಗಳನ್ನೋ ಕಳೆದುಕೊಂಡ ಮನೆಯಲ್ಲಿ ಕಾನೂನಿನ ಕ್ರಮದ ಮಾತು ಕ್ರೂರವಾಗಿಯೇ ಕೇಳಿಸುತ್ತದೆ. ಆದರೂ ಈ ಆರೋಪವನ್ನು ಗಟ್ಟಿಯಾಗಿ ಪ್ರಶ್ನಿಸುವ ಅವಕಾಶ ಎಲ್ಲರಿಗೂ ಇರಬೇಕು, ಅದು ರಸ್ತೆಯ ಸುರಕ್ಷತೆಗೇ ಬೇಕು ಎಂಬುದು ನನ್ನ ವಾದ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಮದ್ಯದ ವಿಷಯದಲ್ಲಿ ಚಾಲಕ ತೂರಾಡುತ್ತಿದ್ದನೇ ಎಂದು ನೋಡುವುದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರವಿದ್ದರೆ ಅಪರಾಧ. 2019ರ ತಿದ್ದುಪಡಿಯಂತೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಇಡೀ ಅಪರಾಧ ಒಂದು ಅಂಕಿಯ ಮೇಲೆ ನಿಂತಿರುವಾಗ ಆ ಅಂಕಿ ಹೇಗೆ ಬಂತೆಂದು ಕೇಳುವುದು ಕುತರ್ಕವಲ್ಲ.

ಪೊಲೀಸರು ಊದಿಸುವ ಆಲ್ಕೋಮೀಟರ್ ರಕ್ತವನ್ನು ಮುಟ್ಟುವುದಿಲ್ಲ. ಉಸಿರಿನಲ್ಲಿರುವ ಮದ್ಯಸಾರವನ್ನು ಅಳೆದು, ರಕ್ತದಲ್ಲಿ ಇಷ್ಟಿರಬೇಕೆಂದು ಸರಾಸರಿ ಅನುಪಾತದಿಂದ ಲೆಕ್ಕ ಹಾಕುತ್ತದೆ. ಆ ಅನುಪಾತ ಎಲ್ಲರ ದೇಹದಲ್ಲೂ ಒಂದೇ ಅಲ್ಲ. ಆಗಷ್ಟೇ ಗುಟುಕರಿಸಿದ್ದರೆ, ಮದ್ಯಸಾರವಿರುವ ಮೌತ್‌ವಾಶ್ ಬಳಸಿದ್ದರೆ, ಬಾಯಲ್ಲಿ ಉಳಿದದ್ದೇ ಅಂಕಿಯನ್ನು ಏರಿಸಬಹುದು. ಹದಿನೈದು ನಿಮಿಷ ಕಾದು ಊದಿಸಬೇಕೆನ್ನುವುದು ಅದಕ್ಕೇ. ಹಾಗೆ ಕಾದ ಮೇಲೂ 150 ತೋರಿಸಿದವನಿಗೆ ಈ ಸೂಕ್ಷ್ಮಗಳಿಂದ ಪ್ರಯೋಜನವಿಲ್ಲ. 34 ತೋರಿಸಿದವನಿಗೆ ಇವೇ ಸರ್ವಸ್ವ. ಕಾನೂನು ಮಾಡಿದವರಿಗೂ ಇದು ತಿಳಿಯದ್ದಲ್ಲ. 204ನೇ ಸೆಕ್ಷನ್ ರಕ್ತಪರೀಕ್ಷೆಗೆ ದಾರಿ ಇಟ್ಟಿದೆ. ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗದಿದ್ದರೆ ಬಿಟ್ಟುಬಿಡಬೇಕೆಂದು 202 ಹೇಳುತ್ತದೆ. ಬಾಯಿಯ ವಾಸನೆ, ತಡವರಿಸುವ ನಡಿಗೆ ಇಷ್ಟರಿಂದಲೇ ಕುಡಿತ ಸಾಬೀತಾಗದೆಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿತ್ತು. ಆದರೆ ದಿನದ ದುಡಿಮೆ ಬಿಟ್ಟು ಕೋರ್ಟಿಗೆ ಅಲೆಯಲಾಗದ ಆಟೊ ಚಾಲಕನಿಗೆ ಇದೆಲ್ಲ ಇದ್ದೂ ಇಲ್ಲದಂತೆ. ಅವನು ತಪ್ಪೊಪ್ಪಿಕೊಂಡು, ಸಾಲ ಮಾಡಿಯಾದರೂ ದಂಡ ಕಟ್ಟಿ ಗಾಡಿ ಬಿಡಿಸಿಕೊಳ್ಳುತ್ತಾನೆ.

ಇಂಥ ತಾಂತ್ರಿಕ ನೆಪಗಳಿಂದಲೇ ದೊಡ್ಡವರು ಪಾರಾಗುತ್ತಾರಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2002ರಲ್ಲಿ ಮುಂಬೈನ ಬಾಂದ್ರಾದಲ್ಲಿ ಕಾರು ಹರಿದು ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಒಬ್ಬರು ಸತ್ತರು, ನಾಲ್ವರು ಗಾಯಗೊಂಡರು. ಆ ಪ್ರಕರಣದಲ್ಲಿ ನಟ ಸಲ್ಮಾನ್ ಖಾನ್‌ಗೆ 2015ರ ಮೇ ತಿಂಗಳಲ್ಲಿ ಐದು ವರ್ಷ ಶಿಕ್ಷೆಯಾಯಿತು. ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಖುಲಾಸೆ ಮಾಡಿತು. ರಕ್ತದ ಮಾದರಿಯನ್ನು ತೆಗೆದು ಕಾಪಾಡಿದ ರೀತಿಯೂ ಅಲ್ಲಿ ಅನುಮಾನಕ್ಕೆ ಒಳಗಾಗಿತ್ತು. ಆ ಅನುಮಾನವನ್ನು ಹುಟ್ಟಿಸಿದ್ದು ವಕೀಲರ ಚಾತುರ್ಯವೊಂದೇ ಎನ್ನಲಾರೆ. ಅದಕ್ಕೂ ಹದಿಮೂರು ವರ್ಷ ಮೊದಲು ಸಾಕ್ಷ್ಯವನ್ನು ಜೋಪಾನ ಮಾಡದ ತನಿಖೆಯ ಪಾಲೂ ಅದರಲ್ಲಿದೆ. 2024ರ ಪುಣೆಯ ಕಾರು ಅಪಘಾತ ಪ್ರಕರಣದಲ್ಲಂತೂ, ಇಬ್ಬರು ಯುವ ಎಂಜಿನಿಯರುಗಳು ಸತ್ತ ಮೇಲೆ, ಆಸ್ಪತ್ರೆಯಲ್ಲಿ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದಲ್ಲಿ ವೈದ್ಯರು ಬಂಧಿತರಾದರು. ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಪ್ರಶ್ನೆ ಆರೋಪಿಗೆ ಎಷ್ಟು ಮುಖ್ಯವೋ ಸತ್ತವರಿಗೂ ಅಷ್ಟೇ ಮುಖ್ಯ.

ಒಂದೇ ರಾತ್ರಿ ನೂರಾರು ಜನರನ್ನು ತಪಾಸಣೆ ಮಾಡುವ ಸಂಚಾರ ಪೊಲೀಸರಿಗೆ ಪ್ರತಿ ಅಂಕಿಯನ್ನೂ ಹೀಗೆ ಪರಿಶೀಲಿಸುವುದು ಆಗದ ಕೆಲಸ ಎನ್ನಬಹುದು. ಎಲ್ಲರ ರಕ್ತ ತೆಗೆಯಿರೆಂದು ಯಾರೂ ಕೇಳುತ್ತಿಲ್ಲ. ಅಂಕಿಯನ್ನು ಒಪ್ಪದವನು ಕೇಳಿದರೆ ರಕ್ತಪರೀಕ್ಷೆ ಅವನ ಹಕ್ಕಾಗಬೇಕು. ಈಗ ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಆ ಪರೀಕ್ಷೆ ಬೇಗ ನಡೆಯಲಿ. ದೇಹ 100 ಮಿಲಿಲೀಟರ್ ರಕ್ತದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಮದ್ಯಸಾರವನ್ನು ಕರಗಿಸುವುದರಿಂದ ತಡವಾದಷ್ಟೂ ಲಾಭ ತಪ್ಪಿತಸ್ಥನಿಗೆ. ಪರೀಕ್ಷೆಯನ್ನೇ ನಿರಾಕರಿಸಿದರೆ ಅದು ಆರೋಪಿಯ ವಿರುದ್ಧವೇ ನಿಲ್ಲಬಹುದೆಂದು 205ನೇ ಸೆಕ್ಷನ್ ಆಗಲೇ ಹೇಳಿದೆ. ಅದು ಹಾಗೇ ಇರಲಿ. ಊದಿಸಿದ ಚೀಟಿಯಲ್ಲಿ ಯಂತ್ರದ ಸಂಖ್ಯೆ, ಅದನ್ನು ಕೊನೆಯ ಸಲ ತಾಳೆ ನೋಡಿ ಸರಿಪಡಿಸಿದ ದಿನ, ಊದಿಸಿದ ಹೊತ್ತು ಅಚ್ಚಾಗಿ, ಒಂದು ಪ್ರತಿ ಚಾಲಕನ ಕೈಗೆ ಅಲ್ಲೇ ಸಿಗಲಿ. ಕಾನೂನು ನೆರವು ಪ್ರಾಧಿಕಾರದ ವಕೀಲರೊಬ್ಬರು ಸಂಚಾರ ನ್ಯಾಯಾಲಯದಲ್ಲಿದ್ದು, ತಪ್ಪೊಪ್ಪಿಗೆಗೆ ಸಹಿ ಬೀಳುವ ಮೊದಲು ಆ ಚೀಟಿಯನ್ನು ಓದಲಿ.