ಟಂಡ್ರಾ ಬಯಲಿನಲ್ಲಿ ಒಂದು ದಿನ

ವಿಜ್ಞಾನವೆಂದೊಡನೆ ಬಹುಮಂದಿಯ ಮನಸ್ಸಿನಲ್ಲಿ ಮೂಡುವುದು ಪ್ರಯೋಗಶಾಲೆಯ ಚಿತ್ರ. ಇಲ್ಲವೆ ಯಾವನೋ ಪ್ರತಿಭಾವಂತನಿಗೆ ಒಂದೇ ಕ್ಷಣದಲ್ಲಿ ಹೊಳೆದ ಸತ್ಯದ ಕಥೆ. ಆದರೆ ಭೂಮಿಯ ಆರೋಗ್ಯವನ್ನು ಕುರಿತ ಅನೇಕ ಸತ್ಯಗಳು ಹಾಗೆ ಹೊಳೆದವಲ್ಲ. ವರ್ಷವರ್ಷವೂ ಅದೇ ನೆಲದಲ್ಲಿ ಮೊಣಕಾಲೂರಿ, ಅದೇ ಅಳತೆಯನ್ನು ಮತ್ತೆ ಮತ್ತೆ ಮಾಡಿದವರ ದುಡಿಮೆಯಿಂದ ದೊರೆತವು. ಉತ್ತರ ಧ್ರುವವಲಯದ ಟಂಡ್ರಾ ಪ್ರದೇಶದಲ್ಲಿ ನಡೆಯುವ ಅಧ್ಯಯನವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಅಮೆರಿಕದ ಅಲಾಸ್ಕ ರಾಜ್ಯದಲ್ಲಿ, ಬ್ರೂಕ್ಸ್ ಪರ್ವತಶ್ರೇಣಿಯ ಉತ್ತರಕ್ಕೆ, ಟೂಲಿಕ್ ಎಂಬ ಸರೋವರವಿದೆ. ಅದರ ದಡದಲ್ಲಿ 1975ರಲ್ಲಿ ಒಂದು ಸಂಶೋಧನಾ ಕೇಂದ್ರವು ಆರಂಭವಾಯಿತು. ಸುತ್ತಲಿನ ಬಯಲಿನಲ್ಲಿ ಮರಗಳ ಕಾಡಿಲ್ಲ. ಹತ್ತಿಹುಲ್ಲಿನ ಗುಪ್ಪೆಗಳು, ಹಾವಸೆ, ಕಲ್ಲುಹೂವು, ಕುಳ್ಳಾದ ಪೊದೆಗಳು, ಇವೇ ಅಲ್ಲಿನ ಸಸ್ಯಸಂಪತ್ತು. ಬೇಸಗೆಯಲ್ಲಿ ಕರಗುವುದು ಮೇಲಿನ ಒಂದು ಮೊಳದಷ್ಟು ಮಣ್ಣು ಮಾತ್ರ. ಅದರ ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿ ಕಲ್ಲಿನಂತಿರುತ್ತದೆ.

ಜುಲೈ ತಿಂಗಳ ಮೊದಲಲ್ಲಿ ಅಲ್ಲಿ ಸೂರ್ಯನು ಮುಳುಗುವುದೇ ಇಲ್ಲ. ಬೆಳಗಾಯಿತೆಂದು ಹೇಳಬೇಕಾದುದು ಗಡಿಯಾರ. ಸಂಶೋಧಕರು ಮೋಡದಂತೆ ಕವಿಯುವ ಸೊಳ್ಳೆಗಳಿಗೆ ಅಂಜಿ ಮುಖಕ್ಕೆ ಪರದೆ ಹಾಕಿಕೊಂಡು ಹೊರಡುತ್ತಾರೆ. ಎಳೆಯ ಸಸ್ಯಗಳು ತುಳಿತಕ್ಕೆ ಸಿಕ್ಕಬಾರದೆಂದು ಹಾಸಿದ ಹಲಗೆಗಳ ಮೇಲೆಯೇ ನಡೆಯುತ್ತಾರೆ. ಗುರುತಿಟ್ಟ ಚೌಕಗಳಲ್ಲಿ ಗಿಡಗಳನ್ನು ಎಣಿಸುತ್ತಾರೆ. ಉಕ್ಕಿನ ಸರಳನ್ನು ನೆಲಕ್ಕೆ ಚುಚ್ಚಿ, ಅದು ಹೆಪ್ಪುಗಟ್ಟಿದ ಪದರಕ್ಕೆ ತಾಗಿ ನಿಂತೊಡನೆ ಆಳವನ್ನು ಬರೆದುಕೊಳ್ಳುತ್ತಾರೆ. ಕತ್ತರಿಸಿ ತಂದ ಹೆಂಟೆಯನ್ನು ಕೇಂದ್ರದಲ್ಲಿ ಚಿಮಟದಿಂದ ಬಿಡಿಸಿ, ಎಲೆ, ಕಾಂಡ, ಬೇರುಗಳನ್ನು ಬೇರೆ ಬೇರೆಯಾಗಿ ಒಣಗಿಸಿ ತೂಗುತ್ತಾರೆ. ದಿನದ ಕೊನೆಗೆ ಉಳಿಯುವುದು ಟಿಪ್ಪಣಿ ಪುಸ್ತಕದ ಕೆಲವು ಅಂಕೆಗಳು.

ಜನವಸತಿ ವಿರಳವಾದ ಬಯಲಿನಲ್ಲಿ ಹುಲ್ಲನ್ನೆಣಿಸಲು ಇಷ್ಟೊಂದು ಹಣ, ಇಷ್ಟೊಂದು ಶ್ರಮ ಏಕೆ? ನಾಲ್ಕು ವರ್ಷ ಅಳೆದರೆ ಸಾಲದೆ? ಈ ಪ್ರಶ್ನೆಯು ಅಸಂಗತವಾದುದಲ್ಲ. ಅದಕ್ಕೆ ಅಲ್ಲಿ ನಡೆದ ಒಂದು ಪ್ರಯೋಗವೇ ಉತ್ತರ ಹೇಳುತ್ತದೆ.

ಶೀತದ ಮಣ್ಣಿನಲ್ಲಿ ಸತ್ತ ಸಸ್ಯಗಳು ಬಹು ನಿಧಾನವಾಗಿ ಕಳಿಯುತ್ತವೆ. ಆದುದರಿಂದ ಗಿಡಗಳಿಗೆ ಪೋಷಕಾಂಶ ದೊರೆಯುವುದು ಕಡಿಮೆ. ಭೂಮಿ ಬಿಸಿಯಾದರೆ ಕಳಿಯುವಿಕೆ ಚುರುಕಾಗಿ ಪೋಷಕಾಂಶ ಹೆಚ್ಚುತ್ತದೆ, ಆಗ ಏನಾದೀತು? ಇದನ್ನರಿಯಲು 1981ರಿಂದ ಕೆಲವು ಚೌಕಗಳಿಗೆ ಪ್ರತಿವರ್ಷವೂ ಸಾರಜನಕ ಮತ್ತು ರಂಜಕಗಳ ಗೊಬ್ಬರವನ್ನು ಹಾಕಲಾಯಿತು. ಕುಳ್ಳ ಬರ್ಚ್ ಪೊದೆಯು ಹುಲುಸಾಗಿ ಬೆಳೆದು ಹತ್ತಿಹುಲ್ಲನ್ನು ಹಿಂದಕ್ಕೆ ತಳ್ಳಿತು. ನೆಲದ ಮೇಲಿನ ಸಸ್ಯಗಳ ವಾರ್ಷಿಕ ಬೆಳವಣಿಗೆ ಇಮ್ಮಡಿಯಾಯಿತು. ಕಣ್ಣಿಗೆ ಕಂಡ ಹಸುರನ್ನಷ್ಟೇ ನಂಬಿದವರು, ಗಿಡಗಳು ಗಾಳಿಯ ಇಂಗಾಲವನ್ನು ಹೀರಿ ಜಗತ್ತಿಗೆ ಉಪಕಾರ ಮಾಡುತ್ತಿವೆಯೆಂದೇ ತೀರ್ಮಾನಿಸುತ್ತಿದ್ದರು.

ಇಪ್ಪತ್ತು ವರ್ಷಗಳ ಬಳಿಕ ಮಣ್ಣನ್ನು ಆಳದವರೆಗೆ ತೆಗೆದು ಅಳೆದಾಗ ಬೇರೆಯೇ ಸಂಗತಿ ಹೊರಬಿತ್ತು. ಮಿಶೆಲ್ ಮ್ಯಾಕ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಗೊಬ್ಬರ ಹಾಕಿದ ನೆಲವು ಪ್ರತಿ ಚದರ ಮೀಟರಿಗೆ ಸುಮಾರು 2 ಕಿಲೋಗ್ರಾಂ ಇಂಗಾಲವನ್ನು ಕಳೆದುಕೊಂಡಿತ್ತು. ಗಿಡಗಳು ಗಳಿಸಿದುದಕ್ಕಿಂತ ಆಳದ ಮಣ್ಣು ಕಳೆದುಕೊಂಡುದೇ ಹೆಚ್ಚು. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಒಂದು ಪ್ರಯೋಗವು ಇಡೀ ಧ್ರುವವಲಯದ ಭವಿಷ್ಯವನ್ನು ನಿರ್ಧರಿಸಲಾರದು, ನಿಜ. ಗೊಬ್ಬರವು ಬಿಸಿಲಿಗೆ ಸಮವಲ್ಲ. ಆದರೂ ಇದು ನೀಡಿದ ಎಚ್ಚರಿಕೆ ಸಣ್ಣದಲ್ಲ. ಉತ್ತರದ ಹೆಪ್ಪುಗಟ್ಟಿದ ನೆಲದಲ್ಲಿ ಅಡಗಿರುವ ಇಂಗಾಲವು ವಾಯುಮಂಡಲದಲ್ಲಿರುವುದರ ಸುಮಾರು ಎರಡರಷ್ಟಿದೆ. ಅದರಲ್ಲಿ ಒಂದು ಪಾಲು ಇಂಗಾಲದ ಡೈಆಕ್ಸೈಡಾಗಿಯೋ ಮೀಥೇನಾಗಿಯೋ ಹೊರಬಂದರೂ ಅದು ಅಲಾಸ್ಕದ ಮೇಲೆಯೇ ನಿಲ್ಲುವುದಿಲ್ಲ. ಗಾಳಿಗೆ ಗಡಿಗಳಿಲ್ಲ, ಅದರ ಪರಿಣಾಮ ಎಲ್ಲ ದೇಶಗಳ ಪಾಲಿಗೂ ಬರುತ್ತದೆ.

ಆದುದರಿಂದ ಇಂತಹ ಅಧ್ಯಯನಗಳನ್ನು ತತ್ಕಾಲದ ಲಾಭದಿಂದ ಅಳೆಯುವುದು ವಿವೇಕವಲ್ಲ. ಒಮ್ಮೆ ಕಡಿದುಹೋದ ದಾಖಲೆಯನ್ನು ಮುಂದೆ ಎಷ್ಟು ಹಣ ಸುರಿದರೂ ಕೂಡಿಸಲಾಗದು. ಅಳೆಯದೆ ಬಿಟ್ಟ ವರ್ಷವನ್ನು ಮರಳಿ ತರಬಲ್ಲವರು ಯಾರು? ಐದು ವರ್ಷಕ್ಕೆ ಪ್ರಯೋಗವನ್ನು ನಿಲ್ಲಿಸಿದ್ದರೆ ಹಸುರಿನ ಹಿಂದಿದ್ದ ನಷ್ಟ ಗೋಚರಿಸುತ್ತಿರಲಿಲ್ಲ. ಮೊದಲ ವರ್ಷ ಗೊಬ್ಬರ ಚೆಲ್ಲಿದವರಿಗೆ ಕೊನೆಯ ಫಲಿತಾಂಶ ತಿಳಿದಿರಲಿಲ್ಲ. ಆದರೂ ಅವರು ಆ ದಿನದ ಅಂಕೆಗಳನ್ನು ಪ್ರಾಮಾಣಿಕವಾಗಿ ಬರೆದಿಟ್ಟರು. ಮುಂದೆ ಬಂದವರು ಆ ಪುಟಗಳನ್ನು ನಂಬಿ ಕೆಲಸವನ್ನು ಮುಂದುವರಿಸಿದರು.