ಗೋಧಿ ಒಗ್ಗದ ಮಗು

ನಿಮ್ಮ ಕುಟುಂಬದಲ್ಲೋ ನೆರೆಮನೆಯಲ್ಲೋ ಇಂಥ ಮಗು ಇರಬಹುದು. ಎಷ್ಟು ತಿನ್ನಿಸಿದರೂ ಮೈ ಹಿಡಿಯುವುದಿಲ್ಲ. ಹೊಟ್ಟೆ ಉಬ್ಬರ, ಆಗಾಗ ಭೇದಿ. ಕಬ್ಬಿಣಾಂಶದ ಟಾನಿಕ್ ಕುಡಿಸಿದರೂ ರಕ್ತಹೀನತೆ ಹೋಗದು. 'ದೃಷ್ಟಿ ತಾಗಿದೆ' ಎನ್ನುವವರೂ 'ತಾಯಿಗೆ ಸಾಕಲು ಬರುವುದಿಲ್ಲ' ಎನ್ನುವವರೂ ಇರುತ್ತಾರೆ. ಪಾಪ, ಆ ತಾಯಿಯ ತಪ್ಪೇನೂ ಇರುವುದಿಲ್ಲ. ಕೆಲವೊಮ್ಮೆ ಕಾರಣ ಚಪಾತಿಯೇ ಆಗಿರಬಹುದು. ಈ ಕಾಯಿಲೆಗೆ ಸೀಲಿಯಾಕ್ ಎಂದು ಹೆಸರು. ಗೋಧಿ ಹೆಚ್ಚು ತಿನ್ನುವ ಉತ್ತರ ಭಾರತಕ್ಕಿಂತ ನಮ್ಮ ಕಡೆ ಇದು ಕಡಿಮೆ. ಬಹುಶಃ ಅದಕ್ಕೇ ಯಾರಿಗೂ ಬೇಗ ಹೊಳೆಯುವುದಿಲ್ಲ.

ಗೋಧಿ, ಬಾರ್ಲಿಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ನಮ್ಮ ಜೀರ್ಣರಸದ ಕಿಣ್ವಗಳು ಅದನ್ನು ಪೂರ್ತಿ ಕತ್ತರಿಸಲಾರವು. ಉಳಿದ ತುಂಡುಗಳು ಸಣ್ಣ ಕರುಳಿನ ಗೋಡೆಯೊಳಗೆ ಸೇರುತ್ತವೆ. ಅಲ್ಲಿ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಇನ್ನೊಂದು ಕಿಣ್ವವಿದೆ. ಅಲ್ಲಾಹನು ಅದಕ್ಕೆ ಗಾಯ ಮಾಯಿಸುವಂಥ ಕೆಲಸ ವಹಿಸಿದ್ದಾನೆ. ಆದರೆ ಅದು ಗ್ಲುಟೆನ್ ತುಂಡಿನ ರೂಪವನ್ನೂ ತುಸು ಬದಲಿಸಿಬಿಡುತ್ತದೆ.

ನಮ್ಮ ದೇಹದ ಕಾವಲು ಜೀವಕೋಶಗಳ ಮೇಲೆ ಎಚ್‌ಎಲ್‌ಎ ಎಂಬ, ಅಂಗೈಯಂಥ ರಚನೆಗಳಿವೆ. ಒಳಬಂದ ವಸ್ತುವಿನ ಚೂರನ್ನು ಅದರ ಮೇಲಿಟ್ಟು 'ಇದು ಯಾರು ನೋಡಿ' ಎಂದು ಟಿ ಜೀವಕೋಶಗಳಿಗೆ ತೋರಿಸಲಾಗುತ್ತದೆ. ರೋಗಾಣುಗಳನ್ನು ಗುರುತಿಸುವುದೂ ಹೀಗೆಯೇ. ಕೆಲವರಿಗೆ ಹುಟ್ಟಿನಿಂದಲೇ ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಬಗೆಯ ಅಂಗೈ ಇರುತ್ತದೆ. ರೂಪ ಬದಲಾದ ಗ್ಲುಟೆನ್ ಅದರಲ್ಲಿ ಭದ್ರವಾಗಿ ಕೂರುತ್ತದೆ. ಇಂಥವರಲ್ಲೂ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರಲ್ಲಿ ಮಾತ್ರ ಟಿ ಜೀವಕೋಶಗಳು ಶತ್ರು ಬಂದನೆಂದು ಕೆರಳುತ್ತವೆ. ಆ ಕಾಳಗದಲ್ಲಿ ಆಹಾರ ಹೀರುವ ಕರುಳಿನ ಎಳೆಗಳು ಸವೆದುಹೋಗುತ್ತವೆ.

1944-45ರ ಯುದ್ಧಕಾಲದ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬ್ರೆಡ್ಡಿಗೆ ಬರ ಬಂದಿತ್ತು. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರಂತೆ! ಗೋಧಿಯ ಮೇಲೆ ಮೊದಲೇ ಸಂಶಯವಿದ್ದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ 1950ರ ತಮ್ಮ ಪ್ರಬಂಧದಲ್ಲಿ ಅದನ್ನು ತೋರಿಸಿಕೊಟ್ಟರು.

ಸಂಶಯ ಬಂದರೆ ಮಕ್ಕಳ ವೈದ್ಯರಲ್ಲಿ ರಕ್ತಪರೀಕ್ಷೆಯ ಬಗ್ಗೆ ಕೇಳಿ. ಆದರೆ ಪರೀಕ್ಷೆಗೆ ಮೊದಲೇ ಗೋಧಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಕಾಯಿಲೆ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಕಾಯಿಲೆ ಖಚಿತವಾದರೆ ಜೀವನಪೂರ್ತಿ ಪಥ್ಯ. ಮೈದಾ, ರವೆ, ಸಮೋಸ, ಶೀರ್ ಖುರ್ಮಾದ ಗೋಧಿ ಶಾವಿಗೆ ಯಾವುದೂ ಸಲ್ಲದು. ಬಾರ್ಲಿಯ ತಲ್ಬೀನಾ ಕೂಡ. ಇಂಗಿನ ಡಬ್ಬಿಯ ಮೇಲಿನ ಬರಹವನ್ನೂ ಓದಿ, ಅನೇಕ ಕಡೆ ಅದಕ್ಕೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅಕ್ಕಿ, ರಾಗಿ, ಜೋಳ ಧಾರಾಳವಾಗಿ ಕೊಡಬಹುದು. ಈದ್‌ಗೆ ಅಕ್ಕಿ ಶಾವಿಗೆ ಇದೆ. ಚಪಾತಿ ಲಟ್ಟಿಸಿದ ಮಣೆಯಲ್ಲಿ ಮಾತ್ರ ಆ ಮಗುವಿನ ಅಕ್ಕಿ ರೊಟ್ಟಿ ಮಾಡಬೇಡಿ, ಅದಕ್ಕೆ ಬೇರೆಯೇ ಮಣೆ ಇಡಿ.